ಲ್ಯಾಂಡಿಡ್ನೊದಲ್ಲಿ ಬೀಚು ಬಿಟ್ಟರೆ ಇತಿಹಾಸ ಏನಾದರೂ ಇದೆಯಾ?

ಮುಂದಿನ ತಿಂಗಳು ವೇಲ್ಸ್‌ನ ಲ್ಯಾಂಡಿಡ್ನೊಗೆ ಹೋಗ್ತಿದ್ದೇವೆ, ಅಲ್ಲಿ ಬೀಚು, ಸಾಲು ಹೋಟೆಲು ಬಿಟ್ಟರೆ ಹಳೇದು ಅಂತ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ, ಬೇಕಾದಷ್ಟಿದೆ. ಆದರೆ ಅದಕ್ಕೆ ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ ಹತ್ತಬೇಕು. ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ಊರಿಂದ ನೆಂಟರು ಬಂದಾಗಲೆಲ್ಲ ರೈಲಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ ಹೋಗಿ ಈಗ ಅರ್ಧ ಗೈಡ್ ಆಗಿಬಿಟ್ಟಿದ್ದೇನೆ.

ಆ ಗುಡ್ಡದ ಹೆಸರು ಗ್ರೇಟ್ ಓರ್ಮ್. ಎತ್ತರ 207 ಮೀಟರ್ ಅಷ್ಟೇ, ಸುಣ್ಣಕಲ್ಲಿನದು. 'ಓರ್ಮ್' ಅನ್ನುವುದು ವೈಕಿಂಗರ ಭಾಷೆಯ ಪದ, ಹಾವು ಅಂತ ಅರ್ಥ. ದೂರದಿಂದ ನೋಡಿದರೆ ಸಮುದ್ರದಲ್ಲಿ ತಲೆ ಚಾಚಿ ಮಲಗಿದ ಹಾವಿನ ಹಾಗೇ ಕಾಣುತ್ತೆ, ತಪ್ಪೇನಿಲ್ಲ.

1880ರಲ್ಲಿ ಈ ಗುಡ್ಡದಲ್ಲಿ ಕೆಂಡ್ರಿಕ್ ಅಂತ ಒಬ್ಬರು ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಮಾಡುತ್ತಿದ್ದರು. ಅಂಗಡಿಗೆ ಜಾಗ ಸಾಲದೆ ಪಕ್ಕದ ಗುಹೆಯ ಮಣ್ಣು ತೆಗೆಸಿದಾಗ ಮನುಷ್ಯರ ಮೂಳೆಗಳ ಜೊತೆ ಕುದುರೆಯ ದವಡೆ ಮೂಳೆ ಸಿಕ್ಕಿತು. ಅದರ ಮೇಲೆ ಯಾರೋ ಸಾಲು ಸಾಲಾಗಿ ಅಂಕುಡೊಂಕು ಗೆರೆ ಕೊರೆದಿದ್ದಾರೆ. ಸುಮಾರು 13,000 ವರ್ಷ ಹಳೆಯದು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಆದರೆ ನೀವು ತಪ್ಪಿಸದೇ ನೋಡಬೇಕಾದ್ದು ತಾಮ್ರದ ಗಣಿ. 1987ರಲ್ಲಿ ಕಾರ್ ಪಾರ್ಕಿಂಗ್ ಮಾಡೋಣ ಅಂತ ಜಾಗ ಪರಿಶೀಲಿಸುವಾಗ ಇದು ಹೊರಬಂತು. ಅಲ್ಲಿಯವರೆಗೆ ಹೆಚ್ಚಿನವರು ಅದನ್ನು ಹತ್ತೊಂಬತ್ತನೇ ಶತಮಾನದ ಹಾಳು ಗಣಿ ಅಂದುಕೊಂಡಿದ್ದರು. ನೋಡಿದರೆ ಅದರ ಕೆಳಗೆ ಸುಮಾರು 3,800 ವರ್ಷ ಹಿಂದಿನ ಕಂಚಿನ ಯುಗದ ಸುರಂಗಗಳು! ಇಲ್ಲಿಯವರೆಗೆ ಅಳತೆ ಮಾಡಿರುವುದೇ ಎಂಟು ಕಿಲೋಮೀಟರ್. ಇಲ್ಲಿನ ತಾಮ್ರದಿಂದ ಮಾಡಿದ ಕೊಡಲಿ, ಕತ್ತಿಗಳು ಫ್ರಾನ್ಸ್‌ನ ಬ್ರಿಟನಿಯಿಂದ ಬಾಲ್ಟಿಕ್ ತೀರದ ತನಕ ಹೋಗಿದ್ದವು ಅಂತ ಸಂಶೋಧಕರು 2019ರಲ್ಲಿ ಬರೆದಿದ್ದಾರೆ.

ಕಬ್ಬಿಣವೇ ಇಲ್ಲದ ಕಾಲದಲ್ಲಿ ಅಗೆದದ್ದು ಹೇಗೆ ಅಂತ ನನ್ನ ಮಾವನವರೂ ಕೇಳಿದ್ದರು. ತಾಮ್ರ ಇರುವ ಕಡೆ ಬಂಡೆ ಹಲವು ಜಾಗದಲ್ಲಿ ಕೊಳೆತ ಹಾಗೆ ಮೆತ್ತಗಾಗಿದೆ. ಅದನ್ನು ದನದ ಮೂಳೆಯಿಂದಲೇ ಕೆರೆದು ತೆಗೆದಿದ್ದಾರೆ. ಗಟ್ಟಿ ಇದ್ದಲ್ಲಿ ಬೆಂಕಿ ಹಾಕಿ ಬಿರುಕು ಬಿಡಿಸಿ, ಸಮುದ್ರ ತೀರದ ಗುಂಡು ಕಲ್ಲಿನಿಂದ ಜಜ್ಜಿದ್ದಾರೆ. ಆ ಮೂಳೆಗಳು ಸಾವಿರಾರು ಸಿಕ್ಕಿವೆ. ಹತ್ತಿರದಿಂದ ನೋಡಿ, ಎಷ್ಟೋ ಮೂಳೆಗಳು ಹಸಿರಾಗಿವೆ. ಹಳೇ ತಾಮ್ರದ ಹಂಡೆಗೆ ಕಿಲುಬು ಹಿಡಿಯುತ್ತಲ್ವಾ, ಅದೇ ಹಸಿರು. ಕೆಲವು ಸುರಂಗಗಳು ಎಷ್ಟು ಸಣ್ಣವೆಂದರೆ ದೊಡ್ಡವರು ನುಗ್ಗಲು ಸಾಧ್ಯವೇ ಇಲ್ಲ. ಐದಾರು ವರ್ಷದ ಮಕ್ಕಳನ್ನು ಇಳಿಸಿರಬೇಕು ಅನ್ನುತ್ತಾರೆ. ಅದನ್ನು ಕೇಳಿದ ಮೇಲೆ ನಮ್ಮ ಅತ್ತೆಯವರು ಪೂರ್ತಿ ಸುಮ್ಮನಾಗಿಬಿಟ್ಟರು. ಅಂದಹಾಗೆ, ಒಳಗೆ ಹೋಗುವಾಗ ಕೊಡುವ ಹೆಲ್ಮೆಟ್ ಸುಮ್ನೆ ಕೊಡುವುದಲ್ಲ. ನಾನು ಎರಡು ಸಲ ತಲೆ ಹೊಡೆಸಿಕೊಂಡಿದ್ದೇನೆ.

ಆಮೇಲಿನ ಎರಡು ಸಾವಿರ ವರ್ಷ ಬೇಗ ಮುಗಿಸುತ್ತೇನೆ. ಆರನೇ ಶತಮಾನದಲ್ಲಿ ತುದ್ನೊ ಅನ್ನುವ ಸಂತ ಗುಡ್ಡದ ಮೇಲೆ ನೆಲೆ ನಿಂತ. 'ಲ್ಲಾನ್' ಅಂದರೆ ಚರ್ಚು ಇರುವ ಜಾಗ, ಹಾಗಾಗಿ ಊರಿನ ಹೆಸರು. ವೆಲ್ಷ್ ಜನ ಆ ಮೊದಲ ಅಕ್ಷರ ಹೇಳುವಾಗ ನಾಲಿಗೆಯನ್ನು 'ಲ' ಜಾಗದಲ್ಲಿಟ್ಟು ಬರೀ ಗಾಳಿ ಬಿಡುತ್ತಾರೆ. ನಮ್ಮ ಲ, ಳ ಎರಡೂ ಅಲ್ಲಿ ಕೆಲಸಕ್ಕೆ ಬರಲ್ಲ.

ನೀವು ಫೋಟೋದಲ್ಲಿ ನೋಡಿದ ಊರು ಇದೆಯಲ್ಲ, ಅದಕ್ಕೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ. ಗುಡ್ಡದ ಇಳಿಜಾರಿನಲ್ಲಿ ಗಣಿ ಕೆಲಸದವರ, ಮೀನುಗಾರರ ಗುಡಿಸಲುಗಳಿದ್ದವು, ಕೆಳಗೆ ಬರೀ ಜೌಗು ಮತ್ತು ಮರಳು. ಊರವರು ದನ ಮೇಯಿಸುತ್ತಿದ್ದ ಆ ಗೋಮಾಳಕ್ಕೆ ಕಾನೂನಿನ ಬೇಲಿ ಬಿತ್ತು, ಬಹುಪಾಲು ಮೋಸ್ಟಿನ್ ಅನ್ನುವ ಜಮೀನ್ದಾರ ಮನೆತನಕ್ಕೆ ಹೋಯಿತು. 1848ರಲ್ಲಿ ಓವೆನ್ ವಿಲಿಯಮ್ಸ್ ಎಂಬ ಲಿವರ್‌ಪೂಲ್‌ನ ಸರ್ವೇಯರ್ ಅಲ್ಲೊಂದು ಊರಿನ ನಕ್ಷೆ ಹಾಕಿಕೊಟ್ಟರು. 1858ಕ್ಕೆ ರೈಲು ಬಂತು, 1877ಕ್ಕೆ ಪಿಯರ್ (ಸಮುದ್ರದೊಳಕ್ಕೆ ಚಾಚಿದ, ಅಡ್ಡಾಡುವ ಸೇತುವೆ; ಆಮೇಲೆ ಬೆಳೆಸಿ ಈಗ 700 ಮೀಟರ್ ಉದ್ದ), 1902ಕ್ಕೆ ಗುಡ್ಡ ಹತ್ತುವ ಟ್ರಾಮ್. ಈ ಟ್ರಾಮನ್ನು ಇವತ್ತಿಗೂ ಉಕ್ಕಿನ ಹಗ್ಗವೇ ಎಳೆಯುತ್ತೆ. ಅಗಲ ರಸ್ತೆ, ಒಂದೇ ಥರದ ಮನೆಗಳು, ಎಲ್ಲ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆ ಜಾಗ ಯಾರದ್ದಾಗಿತ್ತು ಅನ್ನುವುದು ನನಗೆ ಮರೆಯುವುದಿಲ್ಲ.

ಯುದ್ಧದ ಒಂದು ಕಥೆ ಹೇಳಲೇಬೇಕು. 1915ರ ಆಗಸ್ಟ್‌ನಲ್ಲಿ ಮೂವರು ಜರ್ಮನ್ ಅಧಿಕಾರಿಗಳು ಯುದ್ಧಕೈದಿಗಳ ಶಿಬಿರದಿಂದ ತಪ್ಪಿಸಿಕೊಂಡು ಗ್ರೇಟ್ ಓರ್ಮ್‌ಗೆ ಬಂದರು. ಮೊದಲೇ ಮಾತಾದಂತೆ ಅವರನ್ನು ಕರೆದೊಯ್ಯಲು ಜಲಾಂತರ್ಗಾಮಿಯೂ ಬಂತು. ಆದರೆ ನಡುವೆ ಒಂದು ಬಂಡೆ ಚಾಚಿಕೊಂಡಿತ್ತು. ಇವರು ತೋರಿಸಿದ ದೀಪ ಅವರಿಗೆ ಕಾಣಲಿಲ್ಲ, ಅವರು ಬಂದದ್ದು ಇವರಿಗೆ ಗೊತ್ತಾಗಲಿಲ್ಲ. ಕೊನೆಗೆ ಮೂವರೂ ಊರಲ್ಲೇ ಸಿಕ್ಕಿಬಿದ್ದರು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬ್ ಬೀಳುತ್ತೆ ಅಂತ ಆದಾಯ ತೆರಿಗೆಯವರ ಸಾವಿರಾರು ಸಿಬ್ಬಂದಿಯನ್ನು ಈ ಹೋಟೆಲುಗಳಿಗೆ ಸಾಗಿಸಿದ್ದರು.

ಗುಡ್ಡದ ಮೇಲೆ ಬಿಳಿ ಆಡುಗಳು ಕಂಡರೆ ನಮ್ಮ ಕಡೆಯವು ಅಂದುಕೊಳ್ಳಿ. ಅವು ಕಾಶ್ಮೀರಿ ತಳಿ. ಶಾಲಿನ ಉಣ್ಣೆಗಾಗಿ ಯುರೋಪಿಗೆ ತರಿಸಿದ ಹಿಂಡಿನ ಮರಿಗಳು ವಿಂಡ್ಸರ್ ಅರಮನೆ ಸೇರಿ, ಅಲ್ಲಿಂದ ಮೋಸ್ಟಿನ್‌ರ ಕೈಗೆ ಬಂದು, ಕಡೆಗೆ ಈ ಗುಡ್ಡದಲ್ಲಿ ಕಾಡುಪಾಲಾದವು. 2020ರ ಲಾಕ್‌ಡೌನ್‌ನಲ್ಲಿ ರಸ್ತೆ ಖಾಲಿ ಇದ್ದಾಗ ಅವೇ ಊರಿಗಿಳಿದು ಜನರ ಮನೆ ಮುಂದಿನ ಬೇಲಿಗಿಡಗಳನ್ನೆಲ್ಲ ಮೇಯ್ದದ್ದು. ಆ ವಿಡಿಯೋ ನಿಮಗೂ ವಾಟ್ಸಾಪ್‌ನಲ್ಲಿ ಬಂದಿರಬೇಕು.