ನಿಮ್ಮ ಡಿಪ್ ಚಾರ್ಟ್ ಲೇಖನ: ತಿದ್ದಿ ಕಳಿಸಿ

ನಮಸ್ಕಾರ,

ಪೆಟ್ರೋಲ್ ಬಂಕಿನ ಡೀಸೆಲ್ ಟ್ಯಾಂಕಿನ ಡಿಪ್ ಚಾರ್ಟನ್ನು (ಅಳತೆಯ ರಾಡು ತೋರಿಸುವ ಆಳಕ್ಕೆ ಎಷ್ಟು ಲೀಟರ್ ಎಂಬ ಪಟ್ಟಿ) ಪೈಥಾನ್ ಫಂಕ್ಷನ್ ಆಗಿ ಮಾಡುವ ನಿಮ್ಮ ಲೇಖನ ಓದಿದೆವು. ವಿಷಯ ಒಳ್ಳೆಯದು. ಆದರೆ ಈಗಿರುವ ಹಾಗೆ ಹಾಕಲಾಗದು.

ಮೊದಲ ಒಂದೂವರೆ ಪುಟ ಕಿತ್ತುಹಾಕಿ. ಲೀನಿಯರ್ ಇಂಟರ್‌ಪೊಲೇಶನ್‌ಗೆ (ಎರಡು ಸಾಲುಗಳ ನಡುವಿನದನ್ನು ನೇರ ಗೆರೆಯಿಂದ ಅಂದಾಜಿಸುವುದು) ಮೂರು ವ್ಯಾಖ್ಯಾನ ಯಾಕೆ? ಶಾಲೆಯ ತ್ರೈರಾಶಿಕವೇ ಸಾಕು. ನಿಮ್ಮ ಟ್ಯಾಂಕು ಅಡ್ಡ ಮಲಗಿಸಿದ ಸಿಲಿಂಡರ್: ವ್ಯಾಸ 200 ಸೆಂ.ಮೀ., ಉದ್ದ 6 ಮೀಟರ್, ಚಾರ್ಟಿನಲ್ಲಿ 20 ಸೆಂ.ಮೀ.ಗೊಂದು ಸಾಲು. 80 ಸೆಂ.ಮೀ. ಆಳಕ್ಕೆ 7041 ಲೀಟರ್, 100ಕ್ಕೆ 9425. ರಾಡು 87 ತೋರಿಸಿದರೆ? 20 ಸೆಂ.ಮೀ.ಗೆ 2384 ಲೀಟರ್ ಏರಿದೆ, 7ಕ್ಕೆ 834, ಒಟ್ಟು 7875. ಲೇಖನ ಇಲ್ಲಿಂದ ಶುರುವಾಗಲಿ.

‘ದೋಷ ನಗಣ್ಯ’ ಎಂದಿದ್ದೀರಿ. ಇದೇ ದೊಡ್ಡ ತಪ್ಪು. 87ರಲ್ಲಿ ಸರಿಯೇ, ನಿಜವಾದ ಲೆಕ್ಕ 7869. ತಳಕ್ಕೆ ಇಳಿದು ನೋಡಿ. 0 ಮತ್ತು 20ರ (981 ಲೀಟರ್) ನಡುವೆ, 10ಕ್ಕೆ ನಿಮ್ಮ ಫಂಕ್ಷನ್ 490 ಎನ್ನುತ್ತದೆ. ಇರುವುದು 352. ಟ್ಯಾಂಕಿನಲ್ಲಿ ಇಲ್ಲದ 138 ಲೀಟರ್ ಪುಸ್ತಕದಲ್ಲಿದೆ! ತಳದಲ್ಲಿ ಎಣ್ಣೆಯ ಮೇಲ್ಮೈ ಬೇಗ ಅಗಲವಾಗುತ್ತಾ ಹೋಗುವುದರಿಂದ ಪ್ರತಿ ಸೆಂ.ಮೀ.ಗೂ ಹಿಂದಿನದಕ್ಕಿಂತ ಹೆಚ್ಚು ಡೀಸೆಲ್ ಸೇರುತ್ತದೆ. ಆಳಕ್ಕೆ ಲೀಟರ್ ತೋರಿಸುವ ಗೆರೆ ಬಾಗಿರುತ್ತದೆ, ನೀವು ಎಳೆದ ನೇರ ಗೆರೆ ಅದರ ಮೇಲೆ ಹೋಗುತ್ತದೆ. ನೆತ್ತಿಯಲ್ಲಿ ಇದು ತಿರುವುಮುರುವು: 190ರಲ್ಲಿ ಅಷ್ಟೇ ಲೀಟರ್ ಕಮ್ಮಿ ತೋರಿಸುತ್ತದೆ. ನಡುವೆ ಅಗಲ ಹೆಚ್ಚು ಬದಲಾಗದು, ಹಾಗಾಗಿ ಅಲ್ಲಿ ಬಚಾವು.

‘ಸಾಲುಗಳ ಅಂತರ ಅರ್ಧ ಮಾಡಿದರೆ ದೋಷ ಕಾಲು ಭಾಗ’ ಎಂಬ ನಿಮ್ಮ ಮಾತೂ ನಡುಭಾಗಕ್ಕೆ ಮಾತ್ರ. 10ಕ್ಕೊಂದು ಸಾಲು ಕೊಟ್ಟರೂ 5 ಸೆಂ.ಮೀ.ನಲ್ಲಿ ಸುಮಾರು 50 ಲೀಟರ್ ಹೆಚ್ಚೇ ಬರುತ್ತದೆ. ಎರಡು ತುದಿಗಳಲ್ಲಿ ಸಾಲು ದಟ್ಟವಾಗಿಸಿ, ನಡುವಿನದನ್ನು ಮುಟ್ಟಬೇಡಿ.

ಇನ್ನು ಕೋಡು. ಸಿಎಸ್‌ವಿಯಿಂದ (ಚಾರ್ಟಿನ ಪಠ್ಯ ಕಡತ) ಓದಿದ್ದನ್ನು ಸಂಖ್ಯೆ ಮಾಡುವ ಮೊದಲೇ ಸಾರ್ಟ್ ಮಾಡಿದ್ದೀರಿ (ಕ್ರಮವಾಗಿ ಜೋಡಿಸಿದ್ದೀರಿ). ಅಕ್ಷರಗಳಾಗಿ ನೋಡಿದರೆ ‘100’ ಬರುವುದು ‘20’ಕ್ಕಿಂತ ಮೊದಲು. ನಂಪೈ ಲೈಬ್ರರಿಯ ಸಿದ್ಧ ಫಂಕ್ಷನ್ ಇಂಟರ್ಪ್ ಇದನ್ನು ಪರೀಕ್ಷಿಸುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಒಂದೇ ಆಳ ಎರಡು ಸಲ ಬಂದಿದ್ದರೂ ನೀವು ಬರೆದ ಫಂಕ್ಷನ್ ಅದನ್ನು ಹಿಡಿಯುವುದಿಲ್ಲ. ಬೈಸೆಕ್ಟ್ ರೈಟ್ (ಆಳ ಯಾವ ಸಾಲಿನ ನಂತರ ಬರುತ್ತದೆಂದು ಹುಡುಕುವ ಪೈಥಾನ್ ಫಂಕ್ಷನ್) ಬಳಸಿ ಒಂದು ಕಳೆದಿದ್ದೀರಿ, ಆದರೆ 200 ಬಂದಾಗ ಕೊನೆಯ ಸಾಲೇ ಸಿಗುತ್ತದೆ, ಮುಂದಿನದು ಇರುವುದಿಲ್ಲ: ಟ್ಯಾಂಕು ತುಂಬಿದ ದಿನವೇ ಪ್ರೋಗ್ರಾಂ ಬೀಳುತ್ತದೆ. ಯಾರಾದರೂ 87ರ ಬದಲು 870 ಎಂದು ಟೈಪ್ ಮಾಡಿದರೆ ಇಂಟರ್ಪ್ ಮಾತಾಡದೆ 18850 ಲೀಟರ್ ಎನ್ನುತ್ತದೆ. ಚಾರ್ಟಿನ ಹೊರಗಿನದಕ್ಕೆ ನೀವೇ ಎರರ್ ಕೊಡಿ. ಚಾರ್ಟಿನ ಪರೀಕ್ಷೆಗಳನ್ನೆಲ್ಲ ಹೊರಗಿನ ಫಂಕ್ಷನ್ನಿನಲ್ಲಿ ಒಮ್ಮೆ ಮುಗಿಸಿ, ಆಳದ ಮಿತಿ ನೋಡಿ ಲೆಕ್ಕ ಮಾಡುವ ಒಳಗಿನ ಫಂಕ್ಷನ್ನನ್ನು ಹಿಂತಿರುಗಿಸುವುದು ಅಚ್ಚುಕಟ್ಟು.

ತಿದ್ದಿದ ಪ್ರತಿಯಲ್ಲಿ 5, 10, 87, 190, 195ಕ್ಕೆ ಫಂಕ್ಷನ್ ಕೊಟ್ಟ ಉತ್ತರ, ನಿಜವಾದ ಲೆಕ್ಕ ಎರಡನ್ನೂ ಪಕ್ಕಪಕ್ಕ ಬರೆದ ಕೋಷ್ಟಕ ಇರಲಿ.

ಸಂಪಾದಕರು