ರಾಯಚೂರಿನಲ್ಲಿ ಪಕ್ಕದ ಬೀದಿಗೆ ಕಳುಹಿಸಿದ ಫೈಲ್ ಬೆಂಗಳೂರು ಸುತ್ತಿ ಬರುವುದೇಕೆ?

ಎರಡು ಮನೆಗಳಿಗೆ ಸಂಪರ್ಕ ಕೊಟ್ಟ ಕಂಪನಿಗಳು ಬೇರೆ ಬೇರೆಯಾಗಿದ್ದು, ಅವುಗಳ ಜಾಲಗಳು ರಾಯಚೂರಿನಲ್ಲಿ ಎಲ್ಲಿಯೂ ಕೂಡದಿದ್ದರೆ ಹೀಗಾಗುತ್ತದೆ. ಅವು ಸಂಧಿಸುವುದು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ. ದತ್ತಾಂಶ ಅಲ್ಲಿಗೆ ಹೋಗಿಯೇ ಮರಳಬೇಕು.

ಇದಕ್ಕೆ ಪರಿಹಾರ ಊರಿನಲ್ಲೇ ಒಂದು ಇಂಟರ್‌ನೆಟ್ ವಿನಿಮಯ ಕೇಂದ್ರ. ಹೆಸರು ದೊಡ್ಡದು, ವಸ್ತು ಸಣ್ಣದು: ಒಂದು ಕೋಣೆ, ಕೈಕೊಡದ ವಿದ್ಯುತ್, ಒಂದು ಸ್ವಿಚ್ (ಒಂದು ಜಾಲದ ದತ್ತಾಂಶವನ್ನು ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ). ಪ್ರತಿ ಕಂಪನಿಯೂ ಅಲ್ಲಿಗೆ ಫೈಬರ್ ಎಳೆದು, ತನ್ನ ಗ್ರಾಹಕರ ವಿಳಾಸಗಳನ್ನು ಉಳಿದವರಿಗೆ ತಿಳಿಸುತ್ತದೆ. ಆಮೇಲೆ ಊರಿನ ದತ್ತಾಂಶ ಊರಿನಲ್ಲೇ ಕೈ ಬದಲಾಯಿಸುತ್ತದೆ. ಇದನ್ನೇ ಪೀರಿಂಗ್ ಎನ್ನುವುದು.

ವೇಗದಲ್ಲಿ ಉಳಿಯುವುದು ಕೆಲವೇ ಮಿಲಿಸೆಕೆಂಡು. ಅದನ್ನೇ ದೊಡ್ಡದು ಮಾಡಿ ಹೇಳುವವರನ್ನು ನಂಬಬೇಡಿ. ನಿಜವಾದ ಲಾಭ ಬೇರೆ. ಸಣ್ಣ ಕಂಪನಿಗೆ ದೂರದ ಸಾಗಣೆಯ ಬಾಡಿಗೆ ತಗ್ಗುತ್ತದೆ, ಹೆದ್ದಾರಿ ಅಗೆತದಲ್ಲಿ ಬೆಂಗಳೂರಿನ ಕೇಬಲ್ ತುಂಡಾದರೂ ಊರೊಳಗಿನ ಸಂಪರ್ಕ ಉಳಿಯುತ್ತದೆ.

ಈ ಕೇಂದ್ರವನ್ನು ನಡೆಸಲು ಲಾಭರಹಿತ ಸಂಸ್ಥೆಯೇ ಏಕೆ? ರಾಯಚೂರಿನ ಮಾರುಕಟ್ಟೆ ರಾಜೇಂದ್ರ ಗಂಜ್‌ನ ಇಡೀ ಪ್ರಾಂಗಣ ಒಬ್ಬನೇ ಹತ್ತಿ ವ್ಯಾಪಾರಿಯದಾಗಿದ್ದರೆ ಉಳಿದ ವ್ಯಾಪಾರಿಗಳು ಅಲ್ಲಿಗೆ ಬರುತ್ತಿದ್ದರೇ? ಇಲ್ಲಿಯೂ ಹಾಗೆಯೇ. ಇಂಥ ವಿನಿಮಯ ಕೇಂದ್ರಗಳನ್ನು ನಡೆಸಲು 2003ರಲ್ಲಿ ಹುಟ್ಟಿದ ನಮ್ಮ ದೇಶದ ‘ನಿಕ್ಸಿ’ (ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಕೂಡ ಲಾಭರಹಿತ ಸಂಸ್ಥೆಯೇ.