ಬರೆದ್ರೆ ಅಳುನೇ ಬರುತ್ತೆ, ನಿಲ್ಲಿಸ್ಲಾ?

ಪ್ರಶ್ನೆ: ನಮಸ್ತೆ ಮೇಡಂ. ಅಮ್ಮ ಹೋಗಿ ಆರು ತಿಂಗಳಾಯ್ತು. ದಿನಾ ಒಂದು ಹಾಯ್ಕು (ಐದು-ಏಳು-ಐದು ಅಕ್ಷರದ ಮೂರು ಸಾಲಿನ ಜಪಾನಿ ಪದ್ಯ) ಬರಿ, ಮನಸ್ಸು ಹಗುರಾಗುತ್ತೆ ಅಂತ ಫ್ರೆಂಡ್ ಹೇಳಿದ್ಲು. ಬರೀತಿದೀನಿ, ಆದ್ರೆ ಅಕ್ಷರ ಎಣಿಸೋದ್ರಲ್ಲೇ ಸುಸ್ತಾಗುತ್ತೆ, ಎಲ್ಲದ್ರಲ್ಲೂ ನೋವು, ಕಣ್ಣೀರು ಅಂತಾನೇ ಬರುತ್ತೆ, ಬರೆದು ಮುಗಿಸಿದ್ರೆ ಇನ್ನೂ ಅಳು. ಸಮಾಧಾನ ಅಂತೂ ಇಲ್ಲ. ನಿಲ್ಲಿಸಿಬಿಡ್ಲಾ?
– ಓದುಗಿ, ದಾವಣಗೆರೆ

ಉತ್ತರ: ನಿಲ್ಲಿಸ್ಬೇಡಿ ಕಣಮ್ಮಾ. ಅಳು ಬಂದ್ರೆ ಬರ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ, ಕಾಲೇಜು ಹುಡುಗ್ರು ತಮಗಾದ ಆಘಾತದ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ರು. ಬರೆದ ತಕ್ಷಣ ಬೇಜಾರು ಜಾಸ್ತೀನೇ ಆಗಿತ್ತು, ಆದ್ರೆ ಮುಂದಿನ ತಿಂಗಳುಗಳಲ್ಲಿ, ಆದದ್ದನ್ನೂ ಅನಿಸಿದ್ದನ್ನೂ ಎರಡೂ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಮ್ಮಿ. ಅದು ಹಾಯ್ಕು ಅಲ್ಲ, ಗದ್ಯ, ಆದ್ರೂ ನಿಮ್ಮ ಅಳುಗೆ ಅಲ್ಲೊಂದು ಉತ್ತರ ಇದೆ ಅನ್ಸುತ್ತೆ ನಂಗೆ.

ಇನ್ನು ಸಮಾಧಾನದ ಮಾತು. ಜಪಾನಿನ ಕವಿ ಕೊಬಯಾಶಿ ಇಸ್ಸಾ (1763–1828) ತೀರಾ ಚಿಕ್ಕವನಿದ್ದಾಗ್ಲೇ ತಾಯಿನ ಕಳ್ಕೊಂಡೋನು, 1819ರಲ್ಲಿ ಪುಟ್ಟ ಮಗಳೂ ಸಿಡುಬಿನಿಂದ ಹೋದ್ಲು. ಆಗ ಅವ್ನು ಬರೆದ ಹಾಯ್ಕುನಲ್ಲಿ ಇರೋದು ಇಷ್ಟೇ, ಈ ಲೋಕ ಇಬ್ಬನಿಯಂಥದ್ದು ಅಂತ ಗೊತ್ತು, ಗೊತ್ತಿದ್ರೂ, ಆದ್ರೂ... ಅಲ್ಲಿಗೇ ಬಿಟ್ಟ. ಯಾವುದೂ ಶಾಶ್ವತ ಅಲ್ಲ ಅಂತ ಬೌದ್ಧ ಧರ್ಮ ಹೇಳಿದ್ದೆಲ್ಲ ಗೊತ್ತಿದ್ದೋನೂ ಸಮಾಧಾನ ಆಯ್ತು ಅಂತ ಸುಳ್ಳು ಬರೀಲಿಲ್ಲ, ನೀವೂ ಬರೀಬೇಕಿಲ್ಲ.

ಒಂದು ಬದಲಾವಣೆ ಮಾತ್ರ ಮಾಡಿ. ನೋವು, ಕಣ್ಣೀರು, ನೆನಪು ಈ ಪದಗಳನ್ನ ಸ್ವಲ್ಪ ದಿನ ಮುಟ್ಬೇಡಿ. ಅವತ್ತು ಕಣ್ಣಿಗೆ ಬಿದ್ದಿದ್ದು, ಕೈಗೆ ಸಿಕ್ಕಿದ್ದು ಬರೀರಿ. ಅಡುಗೆಮನೆಯಿಂದ ಶುರು ಮಾಡಿ, ಅಮ್ಮಂದಿರು ಅಲ್ಲೇ ಜಾಸ್ತಿ ಉಳ್ಕೊಂಡಿರ್ತಾರೆ:

ಸಾಸಿವೆ ಡಬ್ಬಿ –
ತಳದಲ್ಲಿ ಅಮ್ಮನ
ಹತ್ತು ರೂಪಾಯಿ

ನಿಮಗೋಸ್ಕರ ಈಗ ಬರೆದಿದ್ದು. ಇಲ್ಲಿ ಐದು-ಏಳು-ಐದು ತಾನಾಗೇ ಕೂತಿದೆ, ಕೂರದಿದ್ರೂ ಪರವಾಗಿಲ್ಲ, ಮೂರು ಚಿಕ್ಕ ಸಾಲು ಸಾಕು. ಒಂದು ದಿನ ತಪ್ಪಿದ್ರೆ ಮರುದಿನ ಎರಡು ಬರೆದು ಲೆಕ್ಕ ಸರಿ ಮಾಡೋಕೂ ಹೋಗ್ಬೇಡಿ. ಯಾರಿಗೂ ತೋರಿಸ್ಬೇಕು ಅಂತಿಲ್ಲ, ಸ್ಟೇಟಸ್‌ಗಂತೂ ಬೇಡ್ವೇ ಬೇಡ, ಲೈಕ್ ಬರದಿದ್ರೆ ಅದೊಂದು ಬೇರೆ ಸಂಕಟ.

ಆದ್ರೆ ವಾರಗಟ್ಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂತಿದ್ರೆ ಬರೆಯೋದನ್ನೇ ನಂಬ್ಕೊಂಡು ಕೂರ್ಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಇವತ್ತೇ ಮಾಡಿ.